ಎಣ್ಣೆ ಡಬ್ಬದ ಸದ್ದು

ನಾಯಿ ಬಂದ ಮಾರನೆಯ ಬೆಳಗ್ಗೆಯೇ ಹಾಲಕ್ಕನ ಎಡಗೈ ಹೋಗಿಬಿಡುವುದರಲ್ಲಿತ್ತು.

ಏಳು ಗಂಟೆಗೆ ಎಂದಿನಂತೆ ಅವಳು ನುಚ್ಚು ಮತ್ತು ಎಲುಬಿನ ಸಾರು ಕಲಸಿದ ಡಬ್ಬವನ್ನು ಗೂಡುಗಳ ನಡುವಿನ ಓಣಿಯಲ್ಲಿಟ್ಟು ಸೌಟಿನಿಂದ ಅದರ ಕಂಠಕ್ಕೆ ನಾಲ್ಕು ಏಟು ಬಾರಿಸಿದಳು. ಇಪ್ಪತ್ತಮೂರು ನಾಯಿಗಳು ಒಟ್ಟಿಗೆ ಗಂಟಲು ತೆರೆದವು. ಕೊನೆಯ ಗೂಡಿನ ಹೊಸ ನಾಯಿ ಮಾತ್ರ ಬೊಗಳಲಿಲ್ಲ. ಬಡಪಾಯಿ, ಹೊಸ ಜಾಗ, ಬೆದರಿದೆ ಅಂದುಕೊಂಡು ಅವಳು ಮೊದಲು ಅದರ ಬಟ್ಟಲನ್ನೇ ತುಂಬಿಸಿ ಕಿಂಡಿಯೊಳಗೆ ಕೈ ತೂರಿಸಿದಳು. ನಾಯಿ ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ಬಂದು ಮೊಣಕೈಗೂ ಮಣಿಕಟ್ಟಿಗೂ ನಡುವೆ ಕಚ್ಚಿ, ಬಾಗಿಲಿಗೆ ಬೀಗ ಹಾಕುವ ಹಾಗೆ ದವಡೆ ಮುಚ್ಚಿ, ನಾಲ್ಕೂ ಕಾಲು ನೆಲಕ್ಕೆ ಊರಿ ಹಿಂದಕ್ಕೆ ಜಗ್ಗಿತು.

ಅವಳ ಕೂಗಿಗೆ ಮೈದುನ ವ್ಯಾನಿನ ಕೆಳಗಿಂದ ಎದ್ದು ಓಡಿಬಂದ. ನೀರು ಎರಚಿದ. ಕೋಲಿನಲ್ಲಿ ಬೆನ್ನಿಗೆ ಬಾರಿಸಿದ. ಏಟು ಬಿದ್ದಷ್ಟೂ ದವಡೆ ಬಿಗಿಯಾಯಿತೇ ಹೊರತು ಸಡಿಲವಾಗಲಿಲ್ಲ. ಹಾಲಕ್ಕನ ಭುಜ ಕಂಬಿಗೆ ಒತ್ತಿ ಕಿವಿಯವರೆಗೂ ನೋವು ಏರಿತು. ಕೊನೆಗೆ ಮೈದುನನಿಗೆ ಕೈಗೆ ಸಿಕ್ಕಿದ್ದು ಟೈರ್ ಬಿಚ್ಚುವ ಚಪ್ಪಟೆ ಕಬ್ಬಿಣ. ಅದರ ತುದಿ ನಾಯಿಯ ಕಡೆಹಲ್ಲಿಗೆ ತಗುಲಿತೋ ಇಲ್ಲವೋ, ನಾಯಿ ತಾನಾಗಿ ಬಾಯಿ ಬಿಟ್ಟಿತು. ಎರಡು ಹೆಜ್ಜೆ ಹಿಂದೆ ಸರಿದು ಕೂತಿತು. ಕೂತು ಇಬ್ಬರ ಮುಖವನ್ನೂ ನೋಡಿತು.

"ಸತ್ತೆ ಅತ್ತಿಗೆ ನೀನು, ಸತ್ತೆ," ಅಂದ ಮೈದುನ, ಅವಳ ಕೈಗೆ ತನ್ನ ಅಂಗಿ ಸುತ್ತುತ್ತ.

"ಸತ್ತಿದ್ರೆ ಇಷ್ಟು ಉರೀತಿತ್ತೇನೋ, ಮಂಕೆ?" ಅಂದಳು ಹಾಲಕ್ಕ. ಅಂದವಳು ಅಲ್ಲೇ ಕುಸಿದಳು.

ಹಾಲಕ್ಕ ಅನ್ನುವುದು ಊರವರು ಇಟ್ಟ ಹೆಸರು. ಮೂವತ್ತು ವರ್ಷ ಒಂದು ದೊಡ್ಡ ಹಾಲಿನ ಕೊಟ್ಟಿಗೆಯಲ್ಲಿ ದುಡಿದವಳು. ನೂರಾ ಹತ್ತು ಹಸುಗಳು, ಬೆಳಗ್ಗೆ ಸಂಜೆ. ಕೊಟ್ಟಿಗೆಗೆ ಯಂತ್ರ ಬಂದ ಮೇಲೆ ಅವಳ ಕೈಗೆ ಕೆಲಸವಿಲ್ಲವಾಯಿತು. ಪೇಟೆಯ ಹೊರಗೆ ಮುಚ್ಚಿಹೋಗಿದ್ದ ಕೋಳಿ ಫಾರಂನಲ್ಲಿ ಡಾಕ್ಟ್ರಮ್ಮ ದಿಕ್ಕಿಲ್ಲದ ನಾಯಿಗಳಿಗೆ ಆಸರೆ ಶುರುಮಾಡಿದಾಗ, ವ್ಯಾನು ಓಡಿಸುತ್ತಿದ್ದ ಮೈದುನನೇ ಅವಳನ್ನು ಕರೆತಂದಿದ್ದ. ಬಕೆಟ್ಟು ಬಡಿದರೆ ಬಾರದ ಪ್ರಾಣಿ ಈ ಭೂಮಿ ಮೇಲಿಲ್ಲ ಅನ್ನುವುದು ಅವಳ ಜಂಬ. ಹಸು, ಎಮ್ಮೆ, ಬಾತುಕೋಳಿ, ಕೊನೆಗೆ ತನ್ನ ಗಂಡ ಬದುಕಿದ್ದಾಗ ಅವನನ್ನೂ ಊಟಕ್ಕೆ ಅವಳು ಕರೆದದ್ದು ಹಾಗೆಯೇ.

ಅವಳ ಹಳೆಯ ಬಕೆಟ್ಟು ತಳ ಬಿಟ್ಟಿತ್ತು. ಹಿಂದಿನ ದಿನ ಪೊಲೀಸರ ಜೊತೆ ಕಲ್ಲುಕ್ವಾರಿಗೆ ಹೋದ ಮೈದುನ ನಾಯಿಯ ಜೊತೆ ಒಂದು ಚೌಕದ ಎಣ್ಣೆ ಡಬ್ಬವನ್ನೂ ತಂದಿದ್ದ. ಮೇಲಿನ ಮುಚ್ಚಳ ಕತ್ತರಿಸಿ, ಅಡ್ಡಕ್ಕೆ ಕಂಬಿ ಹಾಕಿ ಹಿಡಿ ಮಾಡಿದ್ದ ಡಬ್ಬ. "ಒಳ್ಳೆ ದಪ್ಪ ತಗಡು ಅತ್ತಿಗೆ. ಅಲ್ಲಿ ಗೂಟಕ್ಕೆ ನೇತು ಹಾಕಿದ್ರು. ಬಿಟ್ಟು ಬಂದ್ರೆ ಯಾವನೋ ಗುಜರಿಗೆ ಹಾಕ್ತಾನೆ," ಅಂದಿದ್ದ. ಅವಳು ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಬೆಳಗ್ಗೆ ಅದರಲ್ಲೇ ಕೂಳು ಕಲಸಿದ್ದಳು.

ಕ್ವಾರಿಯಲ್ಲಿ ಏನು ನೋಡಿದೆ ಅನ್ನುವುದನ್ನು ಅವನು ಪೂರ್ತಿ ಹೇಳಿದ್ದು ಅವಳ ಕೈಗೆ ಡಾಕ್ಟ್ರಮ್ಮ ಹತ್ತೊಂಬತ್ತು ಹೊಲಿಗೆ ಹಾಕುತ್ತಿದ್ದಾಗ. ಕಲ್ಲು ತೆಗೆದ ಗುಂಡಿ; ಸುತ್ತ ತಗಡಿನ ಬೇಲಿ; ಪೊಲೀಸರ ಸದ್ದಿಗೆ ನಾಯಿಕಾಳಗಕ್ಕೆ ಸೇರಿದ್ದ ಜನ ಚದುರಿ ಓಡಿದ್ದರು; ಕಾಳಗ ನಡೆಸುತ್ತಿದ್ದವನೊಬ್ಬ ಮಾತ್ರ ಸಿಕ್ಕಿಬಿದ್ದಿದ್ದ. ಗುಂಡಿಯ ನಡುವೆ ಇದು ನಿಂತಿತ್ತು. ಇದರ ಕಾಲಡಿ ಇನ್ನೊಂದು ನಾಯಿ, ಕುತ್ತಿಗೆಯೇ ಇಲ್ಲದ ಹಾಗೆ. "ಸತ್ತದ್ದನ್ನ ಇನ್ನೂ ಕಾಯ್ತಾ ಇತ್ತು," ಅಂದ ಮೈದುನ. "ಯಾರಾದ್ರೂ ಬಂದು ಸಾಕು ಅನ್ನಲಿ ಅಂತ."

ಕರುವಿನಷ್ಟು ಎತ್ತರ, ಬೂದು ಮೈ, ಬಂಡೆಗಲ್ಲಿನಂಥ ತಲೆ. ಮೈದುನ ಅದಕ್ಕೆ ಬಂಡೆ ಅಂತಲೇ ಹೆಸರಿಟ್ಟ.

ಆಸರೆಯಲ್ಲಿ ಒಂದು ನಿಯಮವಿತ್ತು. ಮನುಷ್ಯರನ್ನು ಕಚ್ಚಿದ ನಾಯಿಯನ್ನು ನಲವತ್ತು ದಿನ ಇಟ್ಟು ನೋಡಬೇಕು. ಅಷ್ಟರಲ್ಲಿ ಅದು ತಗ್ಗಿದರೆ, ಸಾಕುವವರು ಸಿಕ್ಕಿದರೆ, ಡಾಕ್ಟ್ರಮ್ಮ ಸಹಿ ಹಾಕಿ ಕೊಡುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಸಾಯಿಸುವ ಸೂಜಿ. ಮೈದುನ ಗೇಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: "ದೊಡ್ಡ ನಾಯಿ. ಗಂಡು. ಸಾಕುವವರಿದ್ದರೆ ಕೊಡಲಾಗುವುದು." ಕೆಳಗೆ "ಕಚ್ಚುತ್ತದೆ" ಅಂತ ಬರೆಯಲು ಹೋಗಿ, ಅತ್ತಿಗೆಯ ಮುಖ ನೋಡಿ ಸುಣ್ಣ ಜೇಬಿಗೆ ಹಾಕಿಕೊಂಡ.

ಮುಂದಿನ ಎಂಟು ದಿನ ಬೆಳಗ್ಗೆ ಸಂಜೆ ಒಂದೇ ಕಥೆ. ಸೌಟು ಡಬ್ಬಕ್ಕೆ ಬಿದ್ದದ್ದೇ ತಡ, ಬಂಡೆ ಪಕ್ಕದ ಗೂಡಿನ ಜಾಲರಿಗೆ ಎಗರುವುದು, ಮೂತಿಯಿಂದ ರಕ್ತ ಸೋರುವವರೆಗೂ ಗುದ್ದುವುದು. ಸದ್ದು ನಿಂತ ಸ್ವಲ್ಪ ಹೊತ್ತಿಗೆ ತಣ್ಣಗಾಗುವುದು. "ಕೂಳಿನ ಹುಚ್ಚು," ಅಂದ ಮೈದುನ. "ಅನ್ನ ಕಂಡ್ರೆ ಇದಕ್ಕೆ ತಾಯಿ ತಂದೆ ಇಲ್ಲ." ಹಾಲಕ್ಕನೂ ಹಾಗೆಯೇ ನಂಬಿದಳು. ಹಸಿದ ಪ್ರಾಣಿ ಬೇಗ ಬಂದು ಊಟ ಮಾಡಲಿ ಅಂತ ಇನ್ನಷ್ಟು ಜೋರಾಗಿ ಬಡಿದಳು.

ಪಕ್ಕದ ಗೂಡಿನಲ್ಲಿದ್ದದ್ದು ಮುಕ್ಕಾಲಜ್ಜ. ಮೂರೇ ಕಾಲಿನ ಮುದಿ ನಾಯಿ, ಒಂದು ಕಣ್ಣಿಗೆ ಪೊರೆ. ಐದು ವರ್ಷದಿಂದ ಯಾರೂ ಕೊಂಡೊಯ್ಯದೆ ಆಸರೆಯ ಯಜಮಾನನ ಹಾಗೆ ಉಳಿದಿತ್ತು. ಹಾಲಕ್ಕ ಚಹಾ ಕುಡಿಯುವಾಗ ಅದರ ಗೂಡಿನ ಮುಂದೆ ಕೂತು ಊರಿನ ಸುದ್ದಿ ಹೇಳುತ್ತಿದ್ದಳು.

ಜಾಲರಿ ಕೋಳಿಗಳಿಗೆಂದು ಮಾಡಿದ್ದು. ಒಂಬತ್ತನೆಯ ಬೆಳಗ್ಗೆ ಅದು ಹರಿಯಿತು.

ಅವಳು ಬೀಗ ತೆಗೆದು ಒಳಗೆ ಹೋಗುವಷ್ಟರಲ್ಲಿ ಮುಗಿದುಹೋಗಿತ್ತು. ಮುಕ್ಕಾಲಜ್ಜ ಒಂದು ಸಲ ಸಣ್ಣ ಮರಿಯ ದನಿಯಲ್ಲಿ ಕೂಗಿ ಸುಮ್ಮನಾಗಿತ್ತು. ಬಂಡೆ ಅದನ್ನು ಗಂಟಲಿನಲ್ಲಿ ಹಿಡಿದು ಒದ್ದೆ ಗೋಣಿಯನ್ನು ಒದರಿದ ಹಾಗೆ ಒದರುತ್ತಿತ್ತು. ಗೋಡೆಯ ಮೇಲೆಲ್ಲ ರಕ್ತದ ಗೀರು. ಹಾಲಕ್ಕನಿಗೆ ಆಮೇಲೆ ನೆನಪಿದ್ದದ್ದು ಸನಿಕೆಯ ಹಿಡಿ ಕೈಗೆ ಬಂದದ್ದು ಮಾತ್ರ. ಹೊಲಿಗೆ ಹಾಕಿದ ಕೈಯಲ್ಲೇ ಎತ್ತಿ ಬಡಿದಳು. ಬೆನ್ನಿಗೆ, ಪಕ್ಕೆಗೆ, ತಲೆಗೆ. ಹೊಲಿಗೆ ಬಿಚ್ಚಿ ಅವಳದೇ ರಕ್ತ ಹಿಡಿಯ ಮೇಲೆ ಜಾರಿತು. "ಮುದುಕನನ್ನ ಕೊಂದ್ಯಲ್ಲೋ ಪಾಪಿ! ನಿಂಗೇನು ಮಾಡಿತ್ತೋ ಅದು!"

ಏಟು ಬೀಳುತ್ತಿದ್ದಂತೆಯೇ ಬಂಡೆ ಹೆಣವನ್ನು ಬಿಟ್ಟಿತು. ಓಡಲಿಲ್ಲ, ತಿರುಗಿ ಬೀಳಲೂ ಇಲ್ಲ. ಅವಳ ಮುಂದೆ ಬಂದು ಕೂತು, ತಲೆ ಎತ್ತಿ, ಬಾಯಿ ಅಗಲಿಸಿತು. ಹಾಗೆಯೇ ಬಾಯಿ ತೆರೆದುಕೊಂಡು ಕಾದಿತು. ದಿನದ ಕೆಲಸ ಮುಗಿಸಿ, ಯಜಮಾನ ಹೋಗು ಅನ್ನಲಿ ಅಂತ ನಿಂತ ಆಳಿನ ಹಾಗೆ.

ಅವಳ ಕೈ ಮೇಲೆಯೇ ನಿಂತಿತು. ಮೈದುನನ ಚಪ್ಪಟೆ ಕಬ್ಬಿಣ ನೆನಪಾಯಿತು. ಕಚ್ಚಿದ್ದು ಸಾಕು ಅನ್ನುವಾಗ ಯಾರೋ ಇದರ ಬಾಯಿಗೆ ಕೋಲು ಇಡುತ್ತಿದ್ದರು. ಅದು ಆ ಕೋಲನ್ನು ಕಾಯುತ್ತಿತ್ತು.

ಬೇಲಿಯ ಪಕ್ಕ ಗುಂಡಿ ತೋಡಿ ಮುಕ್ಕಾಲಜ್ಜನನ್ನು ಮಣ್ಣು ಮಾಡಿದ ಮೇಲೆ ಅವಳು ಡಬ್ಬ ತೊಳೆಯಲು ಕೂತಳು. ಬೂದಿ ಹಚ್ಚಿದ ಬೆರಳಿಗೆ ತಳದ ತಗ್ಗುಗಳು ತಗುಲಿದವು. ಡಬ್ಬ ಮಗುಚಿ ಬೆಳಕಿಗೆ ಹಿಡಿದಳು. ತಳದ ತುಂಬ ಚುಕ್ಕಿ ಚುಕ್ಕಿ ತಗ್ಗು, ಒಂದರ ಮೇಲೊಂದು. ಸೌಟಿನದಲ್ಲ. ಅವಳು ತಳಕ್ಕೆ ಬಡಿದವಳೇ ಅಲ್ಲ. ಕಬ್ಬಿಣದ ಸಲಾಕೆಯಿಂದ ವರ್ಷಗಟ್ಟಲೆ ಬಡಿದ ಗುರುತು. ಗೂಟಕ್ಕೆ ನೇತು ಹಾಕಿದ್ರು ಅಂದಿದ್ದ ಮೈದುನ. ನೇತು ಹಾಕಿ ಬಡಿಯುವುದು ಯಾಕೆ?

ಅವಳು ಕೂತಲ್ಲಿಂದಲೇ ಉಗುರಿನಿಂದ ತಗಡಿಗೆ ಒಂದು ಸಲ ತಟ್ಟಿದಳು. ಟಕ್. ಓಣಿಯ ಆ ಕೊನೆಯಲ್ಲಿ, ಮೈಯೆಲ್ಲ ಬಾಸುಂಡೆಯಾಗಿ ಬಿದ್ದಿದ್ದ ನಾಯಿ ಎದ್ದು ನಿಂತಿತು. ಬೆನ್ನ ಮೇಲಿನ ಕೂದಲು ಒಂದೊಂದಾಗಿ ಎದ್ದವು. ಮುರಿದ ಪಕ್ಕೆಯನ್ನು ಎಳೆದುಕೊಂಡು ಯಾರನ್ನು ಕೊಲ್ಲಲಿ ಅಂತ ಎಡಕ್ಕೂ ಬಲಕ್ಕೂ ನೋಡಿತು.

ಹಾಲಕ್ಕ ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟಳು. ಎಂಟು ದಿನ, ದಿನಕ್ಕೆರಡು ಸಲ, ಅವಳೇ ಬಡಿದಿದ್ದಳು. ಕೊಲ್ಲು ಅಂತ ಹೇಳಿದವಳು ಅವಳೇ. ಹೇಳಿದಂತೆ ಕೇಳಿದ್ದಕ್ಕೆ ಹೊಡೆದವಳೂ ಅವಳೇ.

"ಇವತ್ತೇ ಸೂಜಿ ಹಾಕ್ತೀನಿ," ಅಂದರು ಡಾಕ್ಟ್ರಮ್ಮ ಬಂದು ನೋಡಿ. ವಯಸ್ಸು ಚಿಕ್ಕದು, ಮಾತು ಕಡಿಮೆ. "ಇದನ್ನ ಯಾರ ಮನೆಗೆ ಕಳಿಸ್ತೀರಿ ಹಾಲಕ್ಕ?"

"ನಿಯಮ ನಲವತ್ತು ದಿನದ್ದು. ಇನ್ನೂ ಮೂವತ್ತೊಂದಿದೆ."

"ಡಬ್ಬ ಎಸೀರಿ ಹಾಗಾದ್ರೆ. ಮತ್ತೆ ಒಂದು ಸಲ, ಒಂದೇ ಸಲ, ಯಾರ ಮೇಲಾದ್ರೂ ಹಲ್ಲು ಇಟ್ರೆ, ಅವತ್ತೇ. ನಿಯಮ ಗಿಯಮ ನನ್ನ ಹತ್ರ ತೆಗೀಬೇಡಿ."

ಡಬ್ಬವನ್ನು ಎಸೆಯಲೆಂದೇ ಅವಳು ಹಿತ್ತಿಲಿಗೆ ಹಾಕಿದ್ದಳು. ಆದರೆ ನಾಲ್ಕು ದಿನ ಕಳೆದು ಗೇಟಿನ ಹಲಗೆ ಓದಿ ಒಬ್ಬ ಒಳಗೆ ಬಂದ. ಐವತ್ತರ ಆಸುಪಾಸಿನ ಸಣಕಲು ಆಳು. ಬೆರಳ ತುಂಬ ಗಾಯದ ಗೆರೆ, ಸೈಕಲ್ಲಿನ ಹಿಂದೆ ಹೊಸ ಕೊಳವೆಗಳ ಕಟ್ಟು. ತಗಡಿನ ಕೆಲಸದವನು, ಟ್ರಂಕು, ಬಕೆಟ್ಟು, ಸೂರಿಗೆ ಹಾಕುವ ಮಳೆನೀರಿನ ದೋಣಿ ಮಾಡುವವನು.

"ದೊಡ್ಡ ನಾಯಿ ಅಂತ ಬರ್ದಿದೆ. ಬೊಗಳುತ್ತಾ?" ಅಂತ ಅವನು ಕೂಗಿದ.

"ಕೂಗ್ಬೇಡ್ರಿ, ಇಲ್ಲೇ ಇದ್ದೀನಿ," ಅಂದಳು ಹಾಲಕ್ಕ.

"ಆಂ?"

"ಇಲ್ಲೇ ಇದ್ದೀನಿ ಅಂದೆ!"

"ಹಾಗೆ ಹೇಳಿ. ಮೂವತ್ತೈದು ವರ್ಷ ತಗಡು ಬಡಿದು ಬಡಿದು ಕಿವಿ ಹೋಗಿದೆ. ಅಂಗಡಿಗೆ ಜನ ಬಂದು ನಿಲ್ತಾರೆ, ನಾನು ಹಿಂದೆ ತಿರುಗಿ ಬಡೀತಾ ಇರ್ತೀನಿ. ಕರೆದು ಕರೆದು ಬೈಕೊಂಡು ಹೋಗ್ತಾರೆ. ಹೋದ ತಿಂಗಳು ಒಬ್ಬ ನನ್ನ ಬೆನ್ನ ಹಿಂದಿಂದಲೇ ಹೊಸ ಟ್ರಂಕು ಹೊತ್ಕೊಂಡು ಹೋದ. ಅದನ್ನ ಮಾರೋಕೆ ನನ್ನ ಅಂಗಡಿಗೇ ಬಂದಿದ್ದ, ಕತ್ತೆ. ಬೊಗಳೋ ನಾಯಿ ನಂಗೆ ಬೇಡ, ನಂಗೆ ಕೇಳ್ಸಲ್ಲ. ಜನ ಬಂದ್ರೆ ಬಂದು ನನ್ನ ಮುಟ್ಟಬೇಕು. ಅಂಥದ್ದು ಇದ್ಯಾ?"

ಬೊಗಳದ ನಾಯಿ ಅಲ್ಲಿದ್ದದ್ದು ಒಂದೇ. ಅವನು ಕೊನೆಯ ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹಾಲಕ್ಕ ಬೇಡ ಅನ್ನುವ ಮೊದಲೇ ಬೆರಳು ಒಳಗಿಟ್ಟಿದ್ದ. ಬಂಡೆ ಬಂದು ಆ ಗಾಯದ ಬೆರಳುಗಳನ್ನು ಮೂಸಿ, ಒಂದೊಂದನ್ನೇ ನೆಕ್ಕಿ, ಹಣೆಯನ್ನು ಅವನ ಅಂಗೈಗೆ ಒತ್ತಿತು.

"ಇದೇ," ಅಂದ ಅವನು.

ಹಾಲಕ್ಕ ಅವನನ್ನು ಕೂರಿಸಿ, ಚಹಾ ಕೊಟ್ಟು, ಕೂಗಿ ಕೂಗಿ ಎಲ್ಲವನ್ನೂ ಹೇಳಿದಳು. ತಗಡಿನವನು ಲೋಟ ಕೆಳಗಿಟ್ಟ. "ನನ್ನ ಮನೇಲಿ ಬೆಳಗಿಂದ ಸಂಜೆವರೆಗೆ ಅದೇ ಸದ್ದು," ಅಂದ.

"ಗೊತ್ತು."

"ಹಾಗಾದ್ರೆ ಆಗಲ್ಲ ಅನ್ನಿ."

"ಆಗಲ್ಲ ಅಂತ ನಾನೆಲ್ಲಂದೆ? ವಾರಕ್ಕೊಂದು ಸಲ ಬಂದು ಮುಖ ತೋರಿಸ್ಕೊಂಡು ಹೋಗ್ತಿರಿ."

ಅವತ್ತು ಸಂಜೆ ಹಿತ್ತಿಲಿನಿಂದ ಡಬ್ಬ ಒಳಗೆ ಬಂತು.

ಕೊಟ್ಟಿಗೆಯಲ್ಲಿ ಒದೆ ತಿಂದ ಹಸು ಬಕೆಟ್ಟು ಕಂಡರೆ ಒದೆಯುತ್ತದೆ. ಅದನ್ನು ಕಟ್ಟಿಹಾಕಿ ಹಿಂಡಿದರೆ ಆಯುಷ್ಯಪೂರ್ತಿ ಒದೆಯುತ್ತದೆ. ಅದಕ್ಕೊಂದು ದಾರಿ ಇದೆ, ನಿಧಾನದ ದಾರಿ. ಹಾಲಕ್ಕ ಮೊದಲ ಮೂರು ದಿನ ಡಬ್ಬವನ್ನು ಸುಮ್ಮನೆ ಬಂಡೆಯ ಬಟ್ಟಲಿನ ಪಕ್ಕ ಇಟ್ಟಳು. ನಾಲ್ಕನೆಯ ದಿನ ಬಟ್ಟಲಿಗೆ ಎಲುಬು ಬೀಳುವ ಕ್ಷಣದಲ್ಲೇ ಉಗುರಿನಿಂದ ಒಂದು ಟಕ್. ಬಂಡೆ ಎಲುಬು ಬಿಟ್ಟು ಗೋಡೆಗೆ ಹಾರಿತು. ಅವಳು ಅಲ್ಲಾಡಲಿಲ್ಲ. ಅದು ತಣ್ಣಗಾಗುವವರೆಗೆ ಕೂತು ಮತ್ತೊಂದು ಎಲುಬು, ಮತ್ತೊಂದು ಟಕ್. ಉಗುರಿನಿಂದ ಬೆರಳಗೆಣ್ಣಿಗೆ ಬರಲು ಏಳು ದಿನ ಹಿಡಿಯಿತು. ಗೆಣ್ಣಿನ ಮೊದಲ ದಿನ ಅದು ಕಂಬಿ ಕಚ್ಚಿ ಒಂದು ಕೋರೆಹಲ್ಲು ಮುರಿದುಕೊಂಡಿತು. ಹಲ್ಲಿನ ಚೂರು ಅವಳ ಕೆನ್ನೆಗೆ ಬಂದು ಬಡಿಯಿತು. ಅವಳು ಅದನ್ನು ಒರೆಸಿ ಮತ್ತೆ ಎಲುಬು ಇಟ್ಟಳು. ಗೆಣ್ಣಿನಿಂದ ಚಮಚ, ಚಮಚದಿಂದ ಸೌಟು. ಸೌಟು ಮೆಲ್ಲಗೆ, ಸೌಟು ಜೋರಾಗಿ.

"ಅತ್ತಿಗೆ, ನನ್ನ ಅಣ್ಣನ್ನ ಇಷ್ಟು ತಾಳ್ಮೆಯಿಂದ ನೋಡ್ಕೊಂಡಿದ್ರೆ ಇನ್ನೂ ಹತ್ತು ವರ್ಷ ಬಾಳ್ತಿದ್ದ," ಅಂದ ಮೈದುನ.

"ನಿನ್ನಣ್ಣ ಎಲುಬಿಗೆ ಬಗ್ಗೋನಾಗಿದ್ದಿದ್ರೆ ನೋಡ್ಕೊಳ್ತಿದ್ದೆ."

ಮೂವತ್ತಾರನೆಯ ದಿನ ಅಂಗಳದ ನಡುವೆ, ಸರಪಳಿ ಇಲ್ಲದೆ, ಅವಳು ಡಬ್ಬದ ತಳಕ್ಕೆ ಕೈಸೋಲುವ ಹಾಗೆ ಬಡಿದಳು. ಬಂಡೆ ಬೇಲಿಯ ಹತ್ತಿರದಿಂದ ಓಡಿಬಂದು ತನ್ನ ಬಟ್ಟಲಿನ ಮುಂದೆ ಕೂತಿತು. ಮುಂಗಾಲು ಎರಡನ್ನೂ ಜೋಡಿಸಿ, ಜೊಲ್ಲು ಸುರಿಸುತ್ತ, ಬಟ್ಟಲನ್ನೇ ನೋಡಿತು. ಪಕ್ಕದಲ್ಲಿ ಮೂರು ನಾಯಿಗಳು ಕಿತ್ತಾಡುತ್ತಿದ್ದವು. ಅದು ತಿರುಗಲಿಲ್ಲ.

ಕ್ವಾರಿಯವನು ಬಂದದ್ದು ಮೂವತ್ತೆಂಟನೆಯ ದಿನ, ಹಾಡಹಗಲು ಹತ್ತೂವರೆಗೆ. ಮೈದುನ ಎಲುಬು ತರಲು ಹೋಗಿದ್ದ, ಡಾಕ್ಟ್ರಮ್ಮ ಪೇಟೆಯಲ್ಲಿದ್ದರು. ಅಂಗಳದಲ್ಲಿ ಹಾಲಕ್ಕ, ಬಂಡೆ, ಮತ್ತು ವಾರದ ರಜೆಗೆ ಬಂದಿದ್ದ ತಗಡಿನವನು. ಅವನು ಗೇಟಿಗೆ ಬೆನ್ನು ಹಾಕಿ ಹರಿದ ಜಾಲರಿಗೆ ತಗಡಿನ ಪಟ್ಟಿ ಕೂರಿಸುತ್ತಿದ್ದ.

ಜೀಪು ನಿಂತಿತು. ಒಬ್ಬ ಗಾಡಿಯಲ್ಲೇ ಉಳಿದ. ಇನ್ನೊಬ್ಬ, ಒಗೆದ ಬಿಳಿ ಅಂಗಿ, ಕೈಗೆ ಸುತ್ತಿದ ಸರಪಳಿ, ಸರಪಳಿಯ ತುದಿಯಲ್ಲಿ ಕೆಂಚು ಬಣ್ಣದ ದಪ್ಪ ನಾಯಿ, ಗೇಟು ತಳ್ಳಿಕೊಂಡು ಬಂದ. ಜಾಮೀನು ಸಿಕ್ಕಿ ಹೊರಬಂದಿದ್ದಾನೆ ಅಂತ ಮೈದುನ ಹೇಳಿದ್ದು ಅವಳಿಗೆ ನೆನಪಾಯಿತು.

"ಹಲಗೆ ನೋಡ್ದೆ ಅಜ್ಜಿ. ಸಾಕೋರಿದ್ರೆ ಕೊಡ್ತೀವಿ ಅಂತ ಬರ್ದಿದ್ದೀರಿ. ನಾನು ಸಾಕ್ದೋನೇ."

"ಅದಕ್ಕೆ ಆಳು ಸಿಕ್ಕಿದಾರೆ. ಹೋಗಿ ಬನ್ನಿ."

"ಯಾರು, ಈ ಕಡ್ಡಿನಾ?" ಅವನು ತಗಡಿನವನ ಬೆನ್ನು ನೋಡಿ ನಕ್ಕ. ಆಮೇಲೆ ಅವನ ಕಣ್ಣು ಡಬ್ಬದ ಮೇಲೆ ಬಿತ್ತು. "ಅಯ್ಯೋ, ನನ್ನ ಡಬ್ಬಾನೂ ಇಲ್ಲೇ ಇದೆ! ನಾಯಿ ಹೊಡ್ಕೊಂಡು ಬಂದ್ರಿ ಸರಿ, ಹಳೇ ಡಬ್ಬಾನೂ ಬಿಡ್ಲಿಲ್ವಲ್ಲ. ಎಂಥಾ ಜನಾರೀ ನೀವು." ಬಗ್ಗಿ ಅದನ್ನೆತ್ತಿ, ಮಗುಚಿ, ಅಂಗಳದ ಗೂಟಕ್ಕೆ ತಗುಲಿಸಿದ. "ನಾಯಿ ಕೆಟ್ಟಿದ್ಯೋ ಚೆನ್ನಾಗಿದ್ಯೋ ನೋಡಿಬಿಡೋಣ. ಕೆಟ್ಟಿದ್ರೆ ನೀವೇ ಇಟ್ಕೊಳ್ಳಿ."

"ಬೇಡ," ಅಂದಳು ಹಾಲಕ್ಕ. "ಬೇಡಪ್ಪ, ಕೈ ಮುಗೀತೀನಿ—"

ಅವನು ಆ ಕೆಂಚನ ಸರಪಳಿ ಬಿಚ್ಚಿದ. ಬಿಚ್ಚಿ ಜಾಲರಿಯ ಪಕ್ಕ ಬಿದ್ದಿದ್ದ ಕಂಬಿ ತೆಗೆದು ತಗಡಿಗೆ ಬಾರಿಸಿದ. ನಾಲ್ಕು ಏಟು.

ಬಂಡೆ ಎದ್ದಿತು. ಕಿವಿ ನೆಟ್ಟಗಾದವು. ನಾಯಿ ಓಡಿತು, ತನ್ನ ಬಟ್ಟಲಿನ ಕಡೆಗೆ. ಹೋಗಿ ಅದರ ಮುಂದೆ ಕೂತು, ಮುಂಗಾಲು ಜೋಡಿಸಿ, ಖಾಲಿ ಬಟ್ಟಲನ್ನು ನೋಡಿತು.

ಕೆಂಚ ಅದರ ಬಲಗಡೆಯಿಂದ ಬಂತು.

ಮೊದಲು ಹೋದದ್ದು ಕಿವಿ. ಆಮೇಲೆ ಭುಜ. ಬಂಡೆ ಮಗ್ಗುಲಾಗಿ ಬಿತ್ತು, ಎದ್ದಿತು, ಭುಜಕ್ಕೆ ನೇತುಬಿದ್ದ ಕೆಂಚನನ್ನು ಎಳೆದುಕೊಂಡೇ ಮತ್ತೆ ಬಟ್ಟಲಿನ ಮುಂದೆ ಕೂರಲು ನೋಡಿತು. ಮೂಳೆಗೆ ಹಲ್ಲು ಉಜ್ಜುವ ಸದ್ದು ಹಾಲಕ್ಕನಿಗೆ ಕೇಳಿಸಿತು. ಕ್ವಾರಿಯವನು ಬಡಿಯುತ್ತಲೇ ಇದ್ದ. "ಹಿಡಿಯೋ! ಹಿಡಿಯೋ ಬೋಳಿಮಗನೆ! ಏನಾಗಿದ್ಯೋ ನಿಂಗೆ!" ಬಂಡೆ ಈಗ ಅವನನ್ನು ನೋಡಲಿಲ್ಲ, ಕೆಂಚನನ್ನೂ ನೋಡಲಿಲ್ಲ. ಹಾಲಕ್ಕನ ಕಡೆ ತಿರುಗಿತು. ಎಲುಬು ಎಲ್ಲಿ ಅಂತ ಕೇಳಿದ ಹಾಗಿತ್ತು.

ಕಲಿಸಿದವಳು ತಾನು. ಕಚ್ಚಬೇಡ ಅಂದವಳು ತಾನು. ಅವಳಿಗೆ ಅಷ್ಟು ಮಾತ್ರ ಹೊಳೆಯಿತು, ಕಾಲು ಆಗಲೇ ಓಡುತ್ತಿತ್ತು.

ಹೊಡೆದರೆ ದವಡೆ ಬಿಗಿಯಾಗುತ್ತದೆ ಅನ್ನುವುದನ್ನು ಅವಳ ಎಡಗೈ ಮರೆತಿರಲಿಲ್ಲ. ಅವಳು ಕೆಂಚನ ಬೆನ್ನ ಮೇಲೆ ಎರಡೂ ಮೊಣಕಾಲೂರಿ ಬಿದ್ದಳು. ಸೌಟಿನ ಹಿಡಿಯನ್ನು ಅದರ ಬಾಯಿಯ ಮೂಲೆಗೆ, ಕಡೆಹಲ್ಲಿನ ಹಿಂದೆ ತುರುಕಿದಳು. ಕ್ವಾರಿಯವನು ಕಂಬಿ ಬಿಟ್ಟು ಬಂದು ಅವಳ ಜುಟ್ಟು ಹಿಡಿದು ಎಳೆದ. ಅವಳು ಬಿಡಲಿಲ್ಲ. ಪಕ್ಕೆಗೆ ಒದ್ದ. ಎರಡನೆಯ ಒದೆಗೆ ಒಳಗೆ ಏನೋ ಒಣಕಟ್ಟಿಗೆಯ ಹಾಗೆ ಮುರಿಯಿತು. ಅವಳು ಸೌಟು ತಿರುವಿದಳು. ಹಾಲು ಕರೆದ ಕೈಗಳು, ಮೂವತ್ತು ವರ್ಷ, ದಿನಕ್ಕೆರಡು ಹೊತ್ತು. ಕೆಂಚನ ದವಡೆ ಮೆಲ್ಲಗೆ ಬಿಚ್ಚಿಕೊಂಡಿತು. ಬಿಚ್ಚಿದ ಮೇಲೆ ಅದೂ ಬಾಯಿ ತೆರೆದುಕೊಂಡು ಸುಮ್ಮನೆ ಕೂತಿತು.

ಅಷ್ಟರಲ್ಲಿ ತಗಡಿನವನು ಯಾವುದೋ ಕಂಪನ ಕಾಲಿಗೆ ತಗುಲಿ ತಿರುಗಿದ. ನೋಡಿದ. ಕೈಯಲ್ಲಿದ್ದ ತಗಡಿನ ಪಟ್ಟಿಯನ್ನು ಹಾಗೆಯೇ ಬೀಸಿದ. ಅದು ಬಿಳಿ ಅಂಗಿಯ ತೋಳನ್ನು ಭುಜದಿಂದ ಮೊಣಕೈವರೆಗೆ ಸೀಳಿತು. ಕ್ವಾರಿಯವನು ಕೂಗಿಕೊಂಡು ಮಂಡಿಯೂರಿದ. ಗೇಟಿನ ಹೊರಗೆ ಜೀಪು ಹಿಂದಕ್ಕೆ ಸರಿದು, ತಿರುಗಿ, ಹೊರಟೇಹೋಯಿತು.

ಹಾಲಕ್ಕ ಕೆಂಚನನ್ನು ಕೊರಳಪಟ್ಟಿ ಹಿಡಿದು ಎಳೆದೊಯ್ದು ಬಂಡೆಯ ಗೂಡಿಗೆ ನೂಕಿ ಚಿಲಕ ಹಾಕಿದಳು. ಅವಸರವಿರಲಿಲ್ಲ. ತಿರುಗಿ ಬರುವಾಗ ಗೋಡೆಗೆ ಒರಗಿಸಿದ್ದ ಸನಿಕೆ ತೆಗೆದುಕೊಂಡಳು.

ಮೊದಲ ಏಟು ಕ್ವಾರಿಯವನ ಮುಂಗೈಗೆ. ಅದು ಬಾಗಿದ ರೀತಿಗೆ ಮೂಳೆ ಎರಡಾದದ್ದು ಕಂಡಿತು. ಎರಡನೆಯದು ಮೊಣಕಾಲಿಗೆ. ಅವನು ಮಣ್ಣಿನಲ್ಲಿ ಹೊರಳಿ, "ಅಮ್ಮಾ, ಸಾಕಮ್ಮಾ," ಅಂದ. ಅವಳು ಮೂರನೆಯದಕ್ಕೆ ಎತ್ತಿದಳು. ಗಾಳಿಗೆ ಡಬ್ಬ ಗೂಟಕ್ಕೆ ಬಡಿದು ಇನ್ನೂ ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳಿಗೆ ಅದೊಂದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಮೂರನೆಯದು ಪಕ್ಕೆಗೆ ಬಿತ್ತು. ನಾಲ್ಕನೆಯದು ಎಲ್ಲಿಗೆ ಬೀಳುತ್ತಿತ್ತೋ. ತಗಡಿನವನು ಹಿಂದಿನಿಂದ ಬಂದು ಅವಳನ್ನು ತಬ್ಬಿ ಹಿಡಿದ.

"ಬಿಡಿ. ಹಾಲಕ್ಕ, ಬಿಡಿ. ಮುಗೀತು."

ಅವಳ ಮುಷ್ಟಿ ಬಿಚ್ಚಲಿಲ್ಲ. ಅವನು ಸನಿಕೆಯ ಹಿಡಿಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ, ಸಂದಿಗೆ ತನ್ನ ಹೆಬ್ಬೆರಳು ತೂರಿಸಿ ಬಿಡಿಸಬೇಕಾಯಿತು. ಬಿಡಿಸಿದ ಮೇಲೂ ಅವಳು ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತ ನಿಂತೇ ಇದ್ದಳು.

ಬಂಡೆ ಬಟ್ಟಲಿನ ಮುಂದೆ ಬಿದ್ದಿತ್ತು. ಬಟ್ಟಲಿನೊಳಗೆ ಅದರದೇ ರಕ್ತ ಬೆರಳುದ್ದ ನಿಂತಿತ್ತು.

ಡಾಕ್ಟ್ರಮ್ಮ ಮೂರು ಗಂಟೆ ಹೊಲಿದರು. ಕಿವಿ ಸಿಗಲಿಲ್ಲ. ಬಲಗಾಲು ಇನ್ನು ನೆಲಕ್ಕೆ ಊರುವುದಿಲ್ಲ ಅಂದರು. ಪೊಲೀಸರು ಕ್ವಾರಿಯವನನ್ನು ಹೊತ್ತುಕೊಂಡು ಹೋದರು. ಹೋಗುವಾಗ ಹಾಲಕ್ಕನ ಮೇಲೂ ಒಂದು ಕಾಗದ ಬರೆದುಕೊಂಡರು. ಬಿದ್ದವನಿಗೆ ಹೊಡೆದದ್ದು ಹೌದಾ ಅಂತ ಕೇಳಿದರು. ಹೌದು ಅಂದಳು. ಎಷ್ಟು ಸಲ? "ಒಂದು ಸಲ ಜಾಸ್ತಿ," ಅಂದಳು.

ನಲವತ್ತನೆಯ ದಿನ ಬೆಳಗ್ಗೆ ಡಾಕ್ಟ್ರಮ್ಮ ತಾವೇ ಸೌಟು ಹಿಡಿದು ಡಬ್ಬಕ್ಕೆ ಬಾರಿಸಿದರು. ಚಾಪೆಯ ಮೇಲೆ ಮೈಯೆಲ್ಲ ಪಟ್ಟಿ ಸುತ್ತಿಕೊಂಡು ಮಲಗಿದ್ದ ಬಂಡೆ ನಡುಗಿತು. ಬಹಳ ಹೊತ್ತು ನಡುಗಿತು. ಹಾಲಕ್ಕ ಗೋಡೆಯ ಕಡೆ ತಿರುಗಿಕೊಂಡಳು. ನಾಯಿ ಮೂರು ಕಾಲಿನಲ್ಲಿ ಎದ್ದು, ಒಮ್ಮೆ ಮುಗ್ಗರಿಸಿ, ಬಟ್ಟಲಿನವರೆಗೆ ಹೋಗಿ ಕೂತಿತು.

ಡಾಕ್ಟ್ರಮ್ಮ ಸಹಿ ಹಾಕಿದರು. "ಬಂಡೆಗೆ ಹಾಕ್ತಿದೀನಿ. ನಿಮಗೆ ಹಾಕಲ್ಲ ಹಾಲಕ್ಕ. ನಿಮ್ಮನ್ನ ನಲವತ್ತು ದಿನ ಇಟ್ಟು ನೋಡಬೇಕು," ಅಂದರು. ಅವರು ನಗಲಿಲ್ಲ.

ತಗಡಿನವನು ಸೈಕಲ್ಲಿಗೆ ಒಂದು ಗಾಡಿ ಜೋಡಿಸಿಕೊಂಡು ಬಂದಿದ್ದ; ಸುತ್ತ ಅಂಚು ಮಡಚಿದ ತಗಡಿನ ತೊಟ್ಟಿ, ಒಳಗೆ ಹಳೆಯ ಕಂಬಳಿ. ಬಂಡೆಯನ್ನು ನಾಲ್ಕು ಕೈ ಸೇರಿ ಎತ್ತಿ ಮಲಗಿಸಿದರು. ಹೊರಡುವ ಮೊದಲು ಅವನು ಹೊಸದಾಗಿ ಮಾಡಿ ತಂದಿದ್ದ ಬಕೆಟ್ಟನ್ನು ಹಾಲಕ್ಕನ ಮುಂದಿಟ್ಟು ಗೂಟದ ಕಡೆ ಕೈ ತೋರಿಸಿದ. "ಆ ಡಬ್ಬ ಕೊಡಿ. ಚಪ್ಪಟೆ ಬಡಿದು ಮಣ್ಣಿಗೆ ಹಾಕ್ತೀನಿ. ಮತ್ತೆ ಅದು ಯಾರ ಕಣ್ಣಿಗೂ ಬೀಳ್ಬಾರ್ದು."

"ಬಕೆಟ್ಟು ಇಟ್ಕೊಳ್ತೀನಿ," ಅಂದಳು ಹಾಲಕ್ಕ. "ಡಬ್ಬ ಇಲ್ಲೇ ಬೇಕು."

"ಆಂ?"

"ಇಲ್ಲೇ ಬೇಕು ಅಂದೆ!"

ಕೂಗಿದ್ದಕ್ಕೆ ಪಕ್ಕೆ ಹಿಂಡಿತು. ಅವನು ಕೊನೆಯ ಗೂಡಿನ ಕಡೆ ನೋಡಿದ. ಕೆಂಚ ಜಾಲರಿಗೆ ಮೂತಿಯೊತ್ತಿ ನಿಂತಿತ್ತು. ಅವನು ಪೆಡಲು ತುಳಿದ. ತೊಟ್ಟಿಯ ಅಂಚಿನ ಮೇಲೆ ಒಂದೇ ಕಿವಿಯ ತಲೆ ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು.

ಗೇಟಿನ ಹತ್ತಿರ ಮೈದುನ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. "ಹಲಗೆ ಒರೆಸ್ಲಾ ಅತ್ತಿಗೆ?"

"ಒರೆಸಿ ಮತ್ತೆ ಅದನ್ನೇ ಬರೀತೀಯೇನೋ? ಹಾಗೇ ಇರ್ಲಿ."

ಅವಳು ಮುರಿದ ಪಕ್ಕೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಗೂಟದಿಂದ ಡಬ್ಬ ಇಳಿಸಿದಳು. ಕೊನೆಯ ಗೂಡಿನವರೆಗೆ ನಡೆದು, ಕೆಂಚನ ಬಟ್ಟಲಿನ ಪಕ್ಕ ಅದನ್ನಿಟ್ಟು, ಸದ್ದಾಗದ ಹಾಗೆ ನೆಲಕ್ಕೆ ಕೂತಳು. ಮೂರು ದಿನ ಸುಮ್ಮನೆ ಇಡಬೇಕು. ನಾಲ್ಕನೆಯ ದಿನ ಉಗುರು.